ಮೇ 12ರ ಸ್ಟೋರಿ

ಮೇ 12 ಹತ್ತಿರ ಬಂತು ಅಂದ್ರೆ ನ್ಯೂಸ್ ರೂಮ್‌ಗಳಲ್ಲಿ ಒಂದು ಸ್ಟೋರಿ ತಾನಾಗೇ ರೆಡಿ ಆಗುತ್ತೆ: ಮಿನುಗುತಾರೆ ಕಲ್ಪನಾ ಸಾವಿನ ರಹಸ್ಯ. 1979, ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಮಂದಿರ, 35 ವರ್ಷದ ನಟಿ. ಹಿನ್ನೆಲೆಗೆ ಭಯ ಹುಟ್ಟಿಸೋ ಮ್ಯೂಸಿಕ್ಕು. ಒಂದು ವರ್ಷ ನಾನೂ ಅರ್ಧ ಗಂಟೆ ಅದನ್ನೇ ಓದಿದೆ.

ಮರುದಿನ ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯಿಂದ ಹಿರಿಯರೊಬ್ಬರು ಫೋನ್ ಮಾಡಿದ್ರು. "ಕಲ್ಪನಾ ನಮ್ಮ ಜಿಲ್ಲೆಯವಳು ಮಾರಾಯ್ರೇ. ಸತ್ತದ್ದು ಹೇಗೆ ಅಂತ ಅಷ್ಟೊತ್ತು ಹೇಳಿದ್ರಿ. ಬದುಕಿದ್ದಾಗ ಏನು ಮಾಡಿದ್ಳು ಅಂತ ಹೇಳಲೇ ಇಲ್ವಲ್ಲ?" ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತು ಹೇಳ್ತೇನೆ.

ಮನೆಯಲ್ಲಿಟ್ಟ ಹೆಸರು ಶರತ್ ಲತಾ. ಹುಟ್ಟಿದ್ದು 1943ರಲ್ಲಿ. ಬಿ.ಆರ್. ಪಂತುಲು ಅವರ 'ಸಾಕು ಮಗಳು' ಮೂಲಕ 1963ರಲ್ಲಿ ತೆರೆಗೆ ಬಂದರು. 1967ರಲ್ಲಿ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ', ಆಮೇಲೆ 'ಗೆಜ್ಜೆಪೂಜೆ'. ಹದಿನಾರು ವರ್ಷ, ಅಷ್ಟೇ. ಆದರೆ ನಾಯಕಿಯ ಹೆಸರು ಹೇಳಿ ಟಿಕೆಟ್ ಕೊಳ್ಳೋದನ್ನ ಕನ್ನಡದವರಿಗೆ ಕಲಿಸಿದರು.

1971ರ 'ಶರಪಂಜರ' ನೋಡಿ. ತ್ರಿವೇಣಿಯವರ ಕಾದಂಬರಿ. ಬಾಣಂತನದಲ್ಲಿ ಕಾವೇರಿಯ ಮನಸ್ಸು ಕದಡುತ್ತೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರ್ತಾಳೆ. ಆದರೆ ಗಂಡ, ನೆರೆಹೊರೆ, ಯಾರೂ ಅವಳು ಗುಣವಾಗಿದ್ದಾಳೆ ಅಂತ ಒಪ್ಪೋದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗ್ತಾಳೆ. ಕಲ್ಪನಾ ಆ ಪಾತ್ರವನ್ನು ಮಾಡಿದ ಮೇಲೆ, ಸುಮ್ಮನೆ 'ಹುಚ್ಚಿ' ಅಂತ ಕರೆಯೋದು ಥಿಯೇಟರಿನಿಂದ ಹೊರಬಂದವರಿಗೆ ಅಷ್ಟು ಸುಲಭವಾಗಿರಲಿಲ್ಲ.

ಫೋನಿನಲ್ಲಿದ್ದ ಆ ತಾಯಿ ಕೊನೆಗೆ ಇನ್ನೊಂದು ಮಾತು ಹೇಳಿದ್ರು. "ನಮ್ಮಕ್ಕನಿಗೂ ಬಾಣಂತನದಲ್ಲಿ ಹಾಗೇ ಆಗಿತ್ತು. ಊರವರು ದೆವ್ವ ಅಂದ್ರು. ಆ ಸಿನಿಮಾ ನೋಡಿದ ಮೇಲೆ ನಮ್ಮಪ್ಪ ಡಾಕ್ಟರ ಹತ್ರ ಕರ್ಕೊಂಡು ಹೋದ್ರು."

ಸಾವಿರ ಹೆರಿಗೆಗೆ ಒಬ್ಬರು ಇಬ್ಬರು ತಾಯಂದಿರಿಗೆ ಇಂಥ ತೀವ್ರ ಮನೋರೋಗ ಬರುತ್ತೆ. ಬೇಗ ಚಿಕಿತ್ಸೆ ಸಿಕ್ಕರೆ ಗುಣವಾಗುತ್ತೆ. ಕಾವೇರಿಯ ಸುತ್ತ ನಿಂತು ಪಿಸುಗುಟ್ಟಿದ ನೆರೆಹೊರೆಯವರ ಕೆಲಸವನ್ನ ಪ್ರತಿ ಮೇ ತಿಂಗಳು ಕಲ್ಪನಾ ವಿಷಯದಲ್ಲಿ ಮಾಡ್ತಾ ಬಂದವರು ನಾವು, ಟಿವಿಯವರು. ನಾನೂ ಅವರಲ್ಲೊಬ್ಬ.

ಹಾಗಾಗಿ ಈ ಸಲ ಗೋಟೂರಿನ ದೃಶ್ಯ ಇಲ್ಲ. ಒಂದು ನಂಬರ್ ಹೇಳ್ತೇನೆ, ಬರ್ಕೊಳ್ಳಿ: 14416. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಬಾಣಂತಿ ಇದ್ದರೆ ಅವಳ ನಿದ್ದೆ, ಮಾತು ಎರಡನ್ನೂ ಸ್ವಲ್ಪ ಗಮನಿಸಿ. ರಾತ್ರಿ ಪುರುಸೊತ್ತಾದರೆ 'ಶರಪಂಜರ' ಹಾಕಿ ನೋಡಿ.