ಕೈಯ ನಡುಕವೂ ಮಿದುಳಿನ ದೂತದ್ರವ್ಯಗಳೂ



ವಾಮಕರದಲ್ಲಿ ಇಷ್ಟಲಿಂಗವನ್ನು ಧರಿಸಿ ಪೂಜೆಗೆ ಕುಳಿತ ವೃದ್ಧನ ಕೈ ನಡುಗುತ್ತಿದ್ದರೆ ನೋಡಿದವರು ಏನೆನ್ನುವರು? ಮನಸ್ಸು ನಿಂತಿಲ್ಲವೆನ್ನುವರು. ಮುಖದಲ್ಲಿ ಭಾವ ಕಾಣದಿದ್ದರೆ ಗರ್ವವೆನ್ನುವರು. ಹೆಜ್ಜೆ ಕಿರಿದಾಗಿ ಮಾತು ಮೆಲ್ಲಗಾದರೆ ಆಲಸ್ಯವೆನ್ನುವರು. ಈ ಮೂರು ತೀರ್ಪುಗಳೂ ಅನ್ಯಾಯವಾಗಿರಬಹುದು. ಎಲ್ಲ ನಡುಕವೂ ಒಂದೇ ರೋಗವಲ್ಲವಾದರೂ, ಈ ಚಿಹ್ನೆಗಳು ಒಟ್ಟುಗೂಡಿದಲ್ಲಿ ವೈದ್ಯರು ಮೊದಲು ನೆನೆಯುವುದು ಪಾರ್ಕಿನ್‌ಸನ್ನನ ರೋಗವನ್ನು. ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್‌ಸನ್ ೧೮೧೭ರಲ್ಲಿ ಇದನ್ನು ವರ್ಣಿಸಿದನು. ಆಯುರ್ವೇದ ಪಂಡಿತರು ಇಂಥ ನಡುಕವನ್ನು ಕಂಪವಾತವೆಂದು ಕರೆಯುವರು.

ಇದರ ಮೂಲವು ಕೈಯಲ್ಲಿಲ್ಲ, ಮಿದುಳಿನಲ್ಲಿದೆ. ಮಿದುಳಿನ ಕೋಶಕೋಶಗಳ ನಡುವೆ ಅತಿ ಸೂಕ್ಷ್ಮವಾದ ತೆರವುಂಟು. ಆ ತೆರವನ್ನು ಹೆಚ್ಚಾಗಿ ಕೆಲವು ದ್ರವ್ಯಗಳೇ ದೂತರಂತೆ ದಾಟಿ ಸಂದೇಶವನ್ನು ಮುಟ್ಟಿಸುವುವು. ನರಗಳು ಹೀಗೆ ದ್ರವ್ಯದ ಮೂಲಕ ಕಾರ್ಯಮಾಡುವುವೆಂಬುದನ್ನು ಆಸ್ಟ್ರಿಯ ದೇಶದ ಗ್ರಾಟ್ಸ್ ನಗರದಲ್ಲಿ ಆಟೋ ಲೋವಿಯು ೧೯೨೧ರಲ್ಲಿ ಪ್ರಕಟಿಸಿದನು. ಎರಡು ಕಪ್ಪೆಗಳ ಹೃದಯಗಳನ್ನು ಬೇರೆ ಬೇರೆಯಾಗಿ ಲವಣಜಲದಲ್ಲಿಟ್ಟು, ಒಂದರ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಜಲವನ್ನೇ ಎರಡನೆಯದಕ್ಕೆ ಸೇರಿಸಲು, ಯಾರೂ ಮುಟ್ಟದ ಆ ಹೃದಯವೂ ನಿಧಾನವಾಯಿತು! ಯಂತ್ರಾಡಂಬರವಿಲ್ಲದೆ ಇಷ್ಟು ದೊಡ್ಡ ವಿಷಯವನ್ನು ತಿಳಿಸಿದ ಪ್ರಯೋಗಗಳು ವಿರಳ.

ಮುಂದಿನ ಕಥೆಗೆ ಭಾರತದ ಒಂದು ಬೇರಿನ ಸಂಬಂಧವುಂಟು. ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಇಲ್ಲಿ ಬಳಸುತ್ತಿದ್ದ ಸರ್ಪಗಂಧಿಯ ಬೇರಿನಿಂದ ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನವರು ರಿಸರ್ಪಿನ್ ಎಂಬ ಸಾರವನ್ನು ತೆಗೆದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಡಲು, ಅವು ಕಿವಿ ಜೋತು, ಕದಲದೆ ಬಿದ್ದುವು. ಡೋಪ ಎಂಬ ದ್ರವ್ಯವನ್ನು ಚುಚ್ಚಲು ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದುವು. ಇದು ೧೯೫೭ರ ಮಾತು. ಡೋಪದಿಂದ ಮಿದುಳು ಡೋಪಮೈನ್ ಎಂಬ ದೂತದ್ರವ್ಯವನ್ನು ಮಾಡಿಕೊಳ್ಳುವುದು. ೧೯೬೦ರಲ್ಲಿ ವಿಯೆನ್ನಾ ನಗರದ ಸಂಶೋಧಕರು ಈ ರೋಗದಿಂದ ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿ, ಚಲನೆಯನ್ನು ಆಳುವ ಭಾಗದಲ್ಲಿ ಇದೇ ದ್ರವ್ಯವು ತೀರ ಕ್ಷೀಣಿಸಿರುವುದನ್ನು ಕಂಡರು. ಅದನ್ನು ಒದಗಿಸುವ ಕೋಶಗಳು ಮಿದುಳಿನ ಬುಡದಲ್ಲಿ ಕಪ್ಪು ಛಾಯೆಯ ಒಂದು ಕಿರುಪಟ್ಟಿಯಾಗಿವೆ. ಅವುಗಳಲ್ಲಿ ದೊಡ್ಡ ಪಾಲು ನಶಿಸಿದ ಮೇಲೆಯೇ ರೋಗವು ಹೊರಗೆ ತೋರುವುದು.

ವಿಚಿತ್ರವೆಂದರೆ, ಇದೇ ಡೋಪವನ್ನು ೧೯೩೭ರಷ್ಟು ಹಿಂದೆಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ್ದರು. ಹಾಗೆಂದು ಬೀಜವನ್ನು ಕುಟ್ಟಿ ತಿನ್ನುವುದು ಸಲ್ಲದು. ಬೀಜದಿಂದ ಬೀಜಕ್ಕೆ ಪ್ರಮಾಣ ವ್ಯತ್ಯಾಸವಾಗುವುದು. ಡೋಪವು ಮಾತ್ರೆಯ ರೂಪದಲ್ಲಿಯೇ ದೊರೆಯುವುದು. ಕೋಶಗಳ ನಾಶವನ್ನು ಅದು ತಡೆಯದಿದ್ದರೂ ಕೈಕಾಲುಗಳನ್ನು ಬಹುಮಟ್ಟಿಗೆ ಸಡಿಲಿಸುವುದು. ವೈದ್ಯನ ಮಾತಿಲ್ಲದೆ ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ.

ಈ ರೋಗಿಗಳಲ್ಲಿ ಅನೇಕರಿಗೆ ಮನಸ್ಸೂ ಕುಗ್ಗುವುದು. ಅದು ಕೇವಲ ರೋಗದ ದುಃಖವಲ್ಲ. ಕೆಲವರಿಗೆ ನಡುಕಕ್ಕಿಂತ ಮುಂಚೆಯೇ ಖಿನ್ನತೆ ಕಾಣಿಸಿಕೊಳ್ಳುವುದು. ಆದರೆ ಖಿನ್ನತೆಯೆಲ್ಲವೂ ಯಾವುದೋ ಒಂದು ದ್ರವ್ಯದ ಕೊರತೆಯೆಂದು ಹೇಳುವವರ ಮಾತನ್ನು ಪೂರ್ತಿ ನಂಬಲಾಗದು. ದೂತದ್ರವ್ಯಗಳು ಹಲವು, ಅವುಗಳ ವ್ಯವಹಾರವು ಜಟಿಲ. ಚಿತ್ತಕ್ಕೆ ಶಿವಧ್ಯಾನವು ಆಸರೆಯಾಗುವುದು ನಿಜವಾದರೂ, "ಭಕ್ತಿ ಸಾಲದು" ಎಂದು ಅಂಥವರನ್ನು ನೋಯಿಸುವುದು ಕ್ರೌರ್ಯ.

ಇನ್ನೊಂದು ವಿಷಯವನ್ನು ದಾಸೋಹದ ಸೇವೆಯವರು ಅರಿತಿರಬೇಕು. ಬೇಳೆ, ಹಾಲು, ಮೊಸರುಗಳಲ್ಲಿನ ಸಾರವು ಡೋಪದ ಮಾತ್ರೆಯು ರಕ್ತಕ್ಕೂ ಮಿದುಳಿಗೂ ಸೇರುವುದನ್ನು ತಡೆಯಬಲ್ಲುದು. ಆದುದರಿಂದ ಊಟಕ್ಕೆ ಅರ್ಧ ಗಂಟೆ ಮುಂಚೆ ಅದನ್ನು ಸೇವಿಸಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುವರು. ಗಂಟೆಯಾದೊಡನೆ ಪಂಕ್ತಿಗೆ ಬಾರದೆ ಹೊರಜಗಲಿಯಲ್ಲಿ ಕುಳಿತ ಹಿರಿಯರು ಮಾತ್ರೆ ತೆಗೆದುಕೊಂಡು ಕಾಯುತ್ತಿರಬಹುದು. ಎರಡನೆಯ ಪಂಕ್ತಿಯಲ್ಲಿ ಅವರಿಗೊಂದು ಎಲೆ ಉಳಿದಿರಲಿ.