ಯಾರು ಹೇಳಿದ್ದು?

(ಶಂಕರಪುರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಲಭೆಯ ಕಾಲದಲ್ಲಿ ಗಾಳಿಮಾತು ಹಬ್ಬುವುದು ಬೆಂಗಳೂರಿಗೆ ಹೊಸದಲ್ಲ. ಹಿಂದೆ ಅದು ಹೋಟೆಲು, ಬಸ್ ನಿಲ್ದಾಣಗಳಲ್ಲಿ ಬಾಯಿಂದ ಬಾಯಿಗೆ ಸಾಗುತ್ತಿತ್ತು. ಹೇಳಿದವನ ಮುಖವಾದರೂ ಎದುರಿಗಿರುತ್ತಿತ್ತು. 'ನಿನಗೆ ಯಾರಯ್ಯಾ ಹೇಳಿದ್ದು?' ಎಂದು ಗದರಿಸಿ ಕೇಳಬಹುದಿತ್ತು. ಮೊಬೈಲು ಬಂದ ಮೇಲೆ ಮಾತು ಉಳಿದಿದೆ, ಮುಖ ಮರೆಯಾಗಿದೆ.

2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಜಾರ್ ಭಾಗದಲ್ಲಿ ಹಿಂಸಾಚಾರ ನಡೆಯಿತು. ರಂಜಾನ್ ಮುಗಿದೊಡನೆ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗುತ್ತದೆ ಎಂಬ ಎಸ್ಸೆಮ್ಮೆಸ್‌ಗಳು ಆಗಸ್ಟ್‌ನಲ್ಲಿ ಹರಿದಾಡಿದವು. ಬೇರೆಲ್ಲಿಯವೋ ಚಿತ್ರಗಳು ಅಸ್ಸಾಮಿನ ಹೆಸರಿನಲ್ಲಿ ಅಂತರ್ಜಾಲದಲ್ಲಿ ಕಾಣಿಸಿಕೊಂಡವು. ಸಾವಿರಾರು ಮಂದಿ ಕೆಲಸ, ಓದು ಬಿಟ್ಟು ರೈಲು ನಿಲ್ದಾಣದತ್ತ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಂದೇಶಗಳು ಹೇಳಿದ್ದ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಕೇಂದ್ರ ಸರ್ಕಾರ ಸಾಮೂಹಿಕ ಎಸ್ಸೆಮ್ಮೆಸ್‌ಗಳಿಗೆ 15 ದಿನ ನಿರ್ಬಂಧ ಹೇರಿ, ಮಿತಿಯನ್ನು ಐದಕ್ಕೆ ಇಳಿಸಿತು. ಸುಳ್ಳು ಹಬ್ಬಿಸುವವನಿಗೂ, 'ಕ್ಷೇಮವಾಗಿದ್ದೇನೆ' ಎಂದು ಬಂಧುಗಳಿಗೆಲ್ಲ ತಿಳಿಸಬೇಕಾದವನಿಗೂ ಒಂದೇ ಕಟ್ಟಳೆ.

ಆರು ವರ್ಷದ ಬಳಿಕ, 2018ರ ಮೇ 23ರಂದು, ಇಲ್ಲೇ ಪಕ್ಕದ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನ ಕಟ್ಟಿಹಾಕಿ ಹೊಡೆದರು. ಆತ ಉಳಿಯಲಿಲ್ಲ. ಆ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದ್ದ ವಿಡಿಯೊವೊಂದರಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಮರಳಿಸಿ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ತಂದಿತು. ಮತ್ತೆ ಅದೇ ಐದು!

ಆ ವಿಡಿಯೊ ಕಳಿಸಿದವರಲ್ಲಿ ಹೆಚ್ಚಿನವರು ದುಷ್ಟರಾಗಿರಲಿಕ್ಕಿಲ್ಲ. 'ಎಲ್ಲರೂ ಎಚ್ಚರವಾಗಿರಲಿ' ಎಂದುಕೊಂಡ ತಾಯಂದಿರು, ಅಜ್ಜಂದಿರು ಅವರಲ್ಲಿದ್ದಿರಬಹುದು. ಪ್ರಶ್ನೆ ಇರುವುದೇ ಇಲ್ಲಿ. ಒಳ್ಳೆಯ ಉದ್ದೇಶವೊಂದೇ ಸಾಕೆ?

ಚಾಮರಾಜಪೇಟೆಯ ಹಳೆಯ ಮುದ್ರಣಾಲಯದವರಿಗೆ ಒಂದು ಕಟ್ಟಳೆ ಗೊತ್ತಿತ್ತು. 1867ರ ಕಾಯಿದೆಯ ಪ್ರಕಾರ ಅಚ್ಚಾದ ಹಾಳೆಯ ಮೇಲೆ ಮುದ್ರಕನ ಹೆಸರು, ಮುದ್ರಣವಾದ ಸ್ಥಳ ಇರಲೇಬೇಕಿತ್ತು. ಬ್ರಿಟಿಷರು ಅದನ್ನು ತಂದದ್ದು ಪತ್ರಿಕೆಗಳ ಮೇಲೆ ಕಣ್ಣಿಡಲು, ನಿಜ. ಆದರೂ ಅದರಲ್ಲೊಂದು ನೀತಿಯಿತ್ತು: ಮಾತಿಗೆ ಒಬ್ಬ ಹೊಣೆಗಾರನಿರಬೇಕು.

ಗಲಭೆಯ ದಿನ ಮೊಬೈಲು ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ಯಾವ ರಸ್ತೆ ಬಂದ್ ಆಗಿದೆ, ಯಾವ ಆಸ್ಪತ್ರೆಯಲ್ಲಿ ರಕ್ತ ಬೇಕಾಗಿದೆ ಎಂಬ ಸುದ್ದಿ ಜೀವ ಉಳಿಸಬಲ್ಲದು. ಆದರೆ ಅದು ಎಲ್ಲಿಯದು, ಯಾವತ್ತಿನದು, ಕಣ್ಣಾರೆ ಕಂಡವರು ಯಾರು ಎಂದು ವಿಚಾರಿಸಬೇಕು. ಉತ್ತರ ಸಿಗದಿದ್ದರೆ ಸಂದೇಶ ಅಲ್ಲೇ ನಿಲ್ಲಬೇಕು. ಪೆಟ್ಟು ತಿನ್ನುತ್ತಿರುವವನ ದೃಶ್ಯ ಕೈಗೆ ಬಂದರೆ ಅದು ಹೋಗಬೇಕಾದದ್ದು ಪೊಲೀಸರಿಗೆ, ಬೀದಿಯ ಗುಂಪುಗಳಿಗಲ್ಲ.

ಕಾನೂನು ಐದರ ಮಿತಿ ಹಾಕಬಹುದು. ಮೊದಲನೆಯದನ್ನೇ ಕಳಿಸದೆ ಇರುವ ವಿವೇಕವನ್ನು ಕಾನೂನು ಕೊಡಲಾರದು. ಅದು ಮನೆಯಲ್ಲೇ ಬೆಳೆಯಬೇಕು.