ಅಶ್ವತ್ಥಾಮ ಸಾಯಬಹುದಾ?

ಗ್ರೀಕ್ ಪುರಾಣವನ್ನು ನಮ್ಮದರ ಜೊತೆ ಹೋಲಿಸಿ ಒಂದು ವಿಡಿಯೋ ಮಾಡಿ ಅಂತ ತುಂಬಾ ಜನ ಕೇಳಿದ್ದಿರಿ. ಇಂಥ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಏನಿರುತ್ತೆ ಅಂತ ಗೊತ್ತಲ್ಲ: ಜ್ಯೂಸ್ ಅಂದ್ರೆ ಇಂದ್ರ, ಇಬ್ಬರ ಕೈಯಲ್ಲೂ ಸಿಡಿಲು. ಆಮೇಲೆ ಯಾರು ಯಾರಿಂದ ಕದ್ದರು ಅಂತ ಜಗಳ.

ಈ ಚಟ ಹಳೆಯದು. ಮೌರ್ಯರ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದ ಮೆಗಸ್ತನೀಸನೇ ಮಥುರೆಯ ಕಡೆಯ ಶೂರಸೇನರು ಹೆರಾಕ್ಲೀಸನನ್ನು ಪೂಜಿಸ್ತಾರೆ ಅಂತ ಬರೆದಿಟ್ಟ. ಅದು ಕೃಷ್ಣನೇ ಇರಬೇಕು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ನಾವು ದಿನಾ ಲೋಕಲ್ ಹತ್ತುವ ಕಲ್ಯಾಣಕ್ಕೂ ಗ್ರೀಕರ ನಂಟುಂಟು; 1ನೇ ಶತಮಾನದ ಗ್ರೀಕ್ ಕೈಪಿಡಿ 'ಪೆರಿಪ್ಲಸ್'ನಲ್ಲಿ 'ಕಲ್ಲಿಯೇನ' ಅನ್ನೋ ಬಂದರು ಇದೇ ಊರು.

ನಾನು ಹೊಟ್ಟೆಪಾಡಿಗೆ ಮಾಡೋದು ಡೇಟಾ ಮೈಗ್ರೇಶನ್. ಹಳೇ ಸಿಸ್ಟಮ್ಮಿನ ಕಾಲಂ ಹೊಸದರಲ್ಲಿ ಸಲೀಸಾಗಿ ಕೂತರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕೂರದೇ ಇದ್ದಾಗಲೇ ಎರಡೂ ಕಡೆ ಬಿಚ್ಚಿ ನೋಡೋದು. ಕನ್ನಡದಲ್ಲಿ ಹಾಗೆ ಕೂರದ ಕಥೆಯೊಂದಕ್ಕೆ ಧೈರ್ಯವಾಗಿ ಕೈ ಹಾಕಿದವರು ಬಿ.ಎಂ.ಶ್ರೀ. 1929ರ ಅವರ 'ಅಶ್ವತ್ಥಾಮನ್', ಸೋಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದೊಳಗೆ, ಅದೂ ಹಳಗನ್ನಡದಲ್ಲಿ, ಮರುಕಟ್ಟಿದ ಕೃತಿ.

ಏಜಾಕ್ಸ್ ಟ್ರಾಯ್ ಯುದ್ಧದ ಮಹಾವೀರ. ಸತ್ತ ಅಕಿಲೀಸನ ಕವಚ ತನಗೆ ಸಿಗದೆ ಒಡಿಸ್ಯೂಸನ ಪಾಲಾಯಿತು ಅಂತ ಸಿಟ್ಟು. ರಾತ್ರಿ ಕತ್ತಿ ಹಿಡಿದು ತನ್ನದೇ ಸೇನಾನಾಯಕರನ್ನು ಕೊಲ್ಲೋಕೆ ಹೊರಡ್ತಾನೆ. ಅಥೀನಾ ದೇವಿ ಬುದ್ಧಿ ಕೆಡಿಸ್ತಾಳೆ. ದನಕುರಿಗಳನ್ನು ಕಡಿದು ಹಾಕ್ತಾನೆ. ಭ್ರಮೆ ಇಳಿದಾಗ ನಾಚಿಕೆ ತಡೆಯಲಾರದೆ ತನ್ನ ಕತ್ತಿಯ ಮೇಲೇ ಬಿದ್ದು ಸಾಯ್ತಾನೆ.

ರಾತ್ರಿ, ಕತ್ತಿ, ಸೇಡು, ಮೈಮೇಲೆ ಬಂದ ದೈವ. ಸೌಪ್ತಿಕ ಪರ್ವ ಓದಿದವರಿಗೆ ಅಶ್ವತ್ಥಾಮ ನೆನಪಾಗಲೇಬೇಕು. ಆದರೆ ನಮ್ಮವನು ಚಿರಂಜೀವಿ! ಶ್ರೀಯವರ ನಾಟಕದಲ್ಲಿ ಅವನೂ ಏಜಾಕ್ಸನ ಹಾಗೇ ತನ್ನ ಕೈಯಾರೆ ಸಾಯ್ತಾನೆ. ಚಿರಂಜೀವಿಯನ್ನು ಸಾಯಿಸಬಹುದಾ ಅಂತ ಆಕ್ಷೇಪ ಬಂತು.

ಆಯುಸ್ಸಿನ ತಕರಾರು ನನಗೆ ದೊಡ್ಡದು ಅನ್ನಿಸಲ್ಲ. ಮಹಾಭಾರತದ ಶಾಪದಲ್ಲೇ 3,000 ವರ್ಷ ಅಂತ ಲೆಕ್ಕ ಇದೆ. ನನ್ನ ತಕರಾರು ಬೇರೆ. ಏಜಾಕ್ಸ್ ಕೊಂದದ್ದು ಹೆಚ್ಚಾಗಿ ಪ್ರಾಣಿಗಳನ್ನು. ಅವನನ್ನು ಸುಡೋದು ನಾಲ್ಕು ಜನ ನಗ್ತಾರೆ ಅನ್ನೋ ಅವಮಾನ. ಸತ್ತರೆ ಆ ಲೆಕ್ಕ ಮುಗೀತು ಅಂತ ಅವನ ನಂಬಿಕೆ. ಅಶ್ವತ್ಥಾಮ ಕೊಂದದ್ದು ಮಲಗಿದ್ದವರನ್ನು, ದ್ರೌಪದಿಯ ಐದೂ ಮಕ್ಕಳನ್ನು. ಅವನಿಗೆ ಸಾವು ಸಿಕ್ಕರೆ ಬಿಡುಗಡೆಯಾಗಿಬಿಡುತ್ತೆ. ಕೃಷ್ಣ ಕೊಡದೇ ಇಟ್ಟುಕೊಂಡದ್ದೂ ಅದನ್ನೇ. ಶ್ರೀ ಅವನನ್ನು ಘನವಾಗಿ ಸಾಯೋಕೆ ಬಿಟ್ಟರು. ನಾಟಕ ದೊಡ್ಡದೇ. ಆದರೂ ನಾನು ವ್ಯಾಸರ ಕಡೆ.

ನಮ್ಮ ಮರಾಠಿ ನೆರೆಯವರೂ ವ್ಯಾಸರ ಕಡೆಯೇ! ನರ್ಮದಾ ಪರಿಕ್ರಮೆಗೆ ಹೋಗಿ ಬಂದವರನ್ನು ಕೇಳಿ ನೋಡಿ. ಹಣೆಯ ಗಾಯಕ್ಕೆ ಎಣ್ಣೆ ಬೇಡುತ್ತಾ ಅಶ್ವತ್ಥಾಮ ಇನ್ನೂ ಅಲ್ಲಿ ಅಲೀತಿದ್ದಾನೆ ಅಂತಾರೆ. ಆರದ ನೋವಿಗೆ 'ಅಶ್ವತ್ಥಾಮನ ಗಾಯ' ಅನ್ನೋ ಮಾತೇ ಮರಾಠಿಯಲ್ಲಿದೆ.

ಇನ್ನೊಂದು ವಿಷಯ, ಇದನ್ನು ಯಾವ ಪಟ್ಟಿಯಲ್ಲೂ ನಾನು ನೋಡಿಲ್ಲ. ಏಜಾಕ್ಸ್ ಸತ್ತ ಮೇಲೆ ನಾಟಕದ ಉಳಿದ ಭಾಗವೆಲ್ಲ ಅವನ ಹೆಣಕ್ಕೆ ಮಣ್ಣು ಕೊಡಬೇಕಾ ಬೇಡವಾ ಅನ್ನೋ ಜಗಳ. ಕೊಡಲೇಬೇಕು ಅಂತ ವಾದಿಸೋದು ಅವನು ದ್ವೇಷಿಸಿದ ಒಡಿಸ್ಯೂಸ್. ನಾಳೆ ನನಗೂ ಇದೇ ಗತಿ ತಾನೇ, ಅನ್ನೋ ಅರ್ಥದ ಮಾತಾಡ್ತಾನೆ. ಇತ್ತ ಭಾಗವತದಲ್ಲಿ ಅರ್ಜುನ ಅಶ್ವತ್ಥಾಮನನ್ನು ಕಟ್ಟಿ ಎಳೆದು ತಂದಾಗ, ಬಿಟ್ಟುಬಿಡಿ, ನನ್ನ ಹಾಗೆ ಇವನ ತಾಯಿ ಅಳೋದು ಬೇಡ ಅನ್ನೋಳು ದ್ರೌಪದಿ.